ರಾಹೇಲ್ ಟೀಚರ ಹರಿದ ರವಿಕೆ

ಮೊಮ್ಮಕ್ಕಳೇ, ರೂಪಾ, ಹರೀಶಾ, ನೀವು ಹೊಸ ಬಟ್ಟೆ ತೋರಿಸಲು ಬಂದಾಗ ನಾನು ಅದನ್ನು ತಿರುಗಿಸಿ ಒಳಬದಿ ನೋಡುವುದು ಕಂಡು ನಗುತ್ತೀರಿ. ಆ ಅಭ್ಯಾಸ ರಾಹೇಲ್ ಟೀಚರದ್ದು. ಕುಂಬಳೆಯ ನಮ್ಮ ಶಾಲೆಯಲ್ಲಿ ಅವರು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ಎಷ್ಟೇ ಚಂದದ ಕಸೂತಿ ಹಾಕಿ ಕೊಂಡುಹೋದರೂ, "ತಿರುಗಿಸು, ಹೊಟ್ಟೆ ನೋಡುವಾ" ಎನ್ನುವರು. ಹಿಂಬದಿಯಲ್ಲಿ ಗಂಟು ಕಂಡರೆ, "ಇದೆಂತ ಮಾರಾಯ್ತಿ, ಕೋಳಿ ಕೆದಕಿದ್ದಾ?"

ಅವರು ಕೊಚ್ಚಿಯ ಯೆಹೂದಿ. ನಮ್ಮ ಮನೆಗೆ ತಾಗಿದ ಕೋಣೆಯಲ್ಲಿ ಒಬ್ಬರೇ ಇದ್ದರು. ಶನಿವಾರ ಒಲೆ ಹೊತ್ತಿಸುತ್ತಿರಲಿಲ್ಲ, ಸೂಜಿ ಮುಟ್ಟುತ್ತಿರಲಿಲ್ಲ. ಅವರ ಮತದವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರ ಕೈಯ ಹೊಲಿಗೆ ಸರಿಯಾಗಿ ಕಲಿತವಳು ನಾನೊಬ್ಬಳೇ ಎಂದು ನನಗೆ ಗರ್ವವಿತ್ತು.

ನಾನು ಹದಿನಾಲ್ಕರವಳಿದ್ದಾಗ ಅವರ ಅಪ್ಪ ತೀರಿಕೊಂಡ ತಂತಿ ಬಂತು. ಅದು ಕೈಸೇರುವಾಗ ಮಣ್ಣು ಮಾಡಿಯೂ ಆಗಿತ್ತು. ಟೀಚರ್ ತೊಟ್ಟಿದ್ದ ರವಿಕೆಯನ್ನು ಎಡಎದೆಯ ಹತ್ತಿರ ಹಿಡಿದು ನಾಲ್ಕು ಬೆರಳಷ್ಟು ಹರಿದರು. ಏಳು ದಿನ ನೆಲದ ಮೇಲೆ ಕೂತರು. ಅಮ್ಮ ಗಂಜಿ ಕೊಟ್ಟು ಬರುತ್ತಿದ್ದಳು.

ಎಂಟನೆಯ ದಿನ ಹರಿದ ರವಿಕೆಗೆ ಪಿನ್ನು ಚುಚ್ಚಿಕೊಂಡು ಶಾಲೆಗೆ ಬಂದರು. "ಹೊಲಿಗೆ ಟೀಚರಿಗೇ ಹೊಲಿಯಲಿಕ್ಕೆ ಬರುವುದಿಲ್ಲವಾ?" ಎಂದು ಹುಡುಗಿಯರು ನಕ್ಕರು. ನಾನೂ ನಕ್ಕೆ. ಅವರ ಶಿಷ್ಯೆ ಎನಿಸಿಕೊಳ್ಳಲು ನನಗೆ ಆ ದಿನ ನಾಚಿಕೆಯಾಯಿತು.

ಮರುದಿನ ಟೀಚರ್ ಒಗೆದು ಹಗ್ಗಕ್ಕೆ ಹಾಕಿದ್ದ ರವಿಕೆಯನ್ನು ಅವರಿಗೆ ಹೇಳದೆ ನಾನೇ ತೆಗೆದುಕೊಂಡೆ. ಅದರ ಅಂಚಿನಿಂದಲೇ ನೂಲು ಎಳೆದು, ನೇಯ್ಗೆಗೆ ನೇಯ್ಗೆ ಕೂಡಿಸಿ ಹರಿದದ್ದೇ ಕಾಣದ ಹಾಗೆ ಹೊಲಿದು, ಪುನಃ ಹಗ್ಗಕ್ಕೆ ಹಾಕಿದೆ.

ಸಂಜೆ ಟೀಚರ್ ರವಿಕೆ ಹಿಡಿದುಕೊಂಡು ಬಂದರು. ಬೆರಳಾಡಿಸಿ ಹುಡುಕುತ್ತಿದ್ದರು. "ಎಲ್ಲಿ ಹೋಯಿತು? ನೀನಾ ಮಗಾ?"

"ನಾನಲ್ಲ. ಅಮ್ಮ," ಎಂದೆ.

ಅಡಿಗೆಮನೆಯಿಂದ ಬಂದ ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಸೂಜಿಗೆ ನೂಲು ಪೋಣಿಸಲೂ ಬರುತ್ತಿರಲಿಲ್ಲ. "ಹೌದು ಟೀಚರೇ. ತಪ್ಪಾಯಿತಾ?"

"ಅಪ್ಪ ಅಮ್ಮ ಹೋದಾಗ ಹರಿದದ್ದನ್ನು ನಾವು ಸರಿಮಾಡುವ ಹಾಗಿಲ್ಲ. ತಿಂಗಳು ಕಳೆದರೆ ಒರಟಾಗಿ ಎರಡು ಹೊಲಿಗೆ ಹಾಕಬಹುದು, ಅಷ್ಟೆ. ಹರಿದದ್ದು ಕಾಣಬೇಕು."

"ಪುನಃ ಹರಿದರೆ ಆಗದಾ?" ಎಂದಳು ಅಮ್ಮ.

"ಹರಿಯಬಹುದು. ಆ ದಿನ ಹರಿದದ್ದು ಆಗುವುದಿಲ್ಲ. ಕೊಚ್ಚಿಯಲ್ಲಾದರೆ ಪ್ರಾರ್ಥನೆಗೆ ಹತ್ತು ಗಂಡಸರು ಸೇರುತ್ತಾರೆ. ಇಲ್ಲಿ ಅಪ್ಪನಿಗೆ ಅಂತ ನನ್ನ ಹತ್ತಿರ ಇದ್ದದ್ದು ಇದೊಂದೇ."

ಹೊರಡುವಾಗ ರವಿಕೆಯನ್ನು ತಿರುಗಿಸಿ ನೋಡಿ, ನನ್ನತ್ತ ಕಣ್ಣೆತ್ತಿ ಹೇಳಿದರು: "ಹೊಟ್ಟೆ ಸಹ ಚಂದ ಉಂಟು."

ಅವರಿಗೆ ಗೊತ್ತಾಗಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ.

ವರ್ಷಗಳ ನಂತರ ಅವರ ಜನರೆಲ್ಲ ಹಡಗು ಹತ್ತಿ ತಮ್ಮ ದೇಶಕ್ಕೆ ಹೊರಟರು. ಟೀಚರೂ ಹೊರಟರು. ನಿಮ್ಮ ಅಪ್ಪನನ್ನು ಸೊಂಟದಲ್ಲಿಟ್ಟುಕೊಂಡು ನಾನು ಕುಂಬಳೆ ಸ್ಟೇಷನ್ನಿಗೆ ಹೋಗಿದ್ದೆ. ರೈಲಿನ ಕಿಟಕಿಯಿಂದ ಅವರು, "ಹೇಳಲಿಕ್ಕೆ ಎಂತಾದರೂ ಉಂಟಾ?" ಎಂದು ಕೇಳಿದರು.

"ಎಂತ ಇಲ್ಲ ಟೀಚರ್. ಆರೋಗ್ಯ ನೋಡಿಕೊಳ್ಳಿ."

ಅವರು ತಲೆಯಾಡಿಸಿದರು. ರೈಲು ಹೊರಟಿತು. ಆಮೇಲೆ ಅವರ ಸುದ್ದಿ ಬರಲಿಲ್ಲ. ಅಮ್ಮ ಸಾಯುವವರೆಗೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಕ್ಕಳೇ, ಆ ರವಿಕೆ ಹೊಲಿದವಳು ನಾನು. ನಿಮ್ಮ ಮುತ್ತಜ್ಜಿ ಅಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅವಳ ಮೇಲೆ ನಾನು ಹೊರಿಸಿದ ತಪ್ಪು ಇಳಿದಿರುವುದು ಇವುಗಳಲ್ಲಿ ಮಾತ್ರ.