ನನ್ನ ಗಂಟಲಲ್ಲಿ ದೊಡ್ಡಪ್ಪ

ನಮ್ಮ ಮನೆತನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಮಹಾಲಯ ಅಮಾವಾಸ್ಯೆಗೆ ಎಲ್ಲರೂ ಕಂಪಲಾಪುರದ ಹತ್ತಿರದ ದೊಡ್ಡಪ್ಪನ ಮನೆಯಲ್ಲಿ ಸೇರಿದರೆ, ಕೆ.ಆರ್. ನಗರದ ಚಿಕ್ಕಪ್ಪ ಮರಿ ಕೊಯ್ಯಿಸುತ್ತಾರೆ. ಚಿಕ್ಕಮ್ಮ ತಮಗೆ ಗ್ಯಾಸ್ಟ್ರಿಕ್ ಎಂದು ಹೇಳಿಕೊಂಡೇ ಎಲ್ಲರಿಗಿಂತ ಹೆಚ್ಚು ವಡೆ ಮುಗಿಸುತ್ತಾರೆ. ನನ್ನಪ್ಪ ಸಾರಿಗೆ ಉಪ್ಪು ಸಾಲದು ಅನ್ನುತ್ತಾರೆ. ನಾನು ಇವರೆಲ್ಲರ ಹಾಗೆ ಮಾತಾಡಿ ತೋರಿಸುತ್ತೇನೆ. ಬೇರೆ ಕೆಲಸ ನನಗೆ ಯಾರೂ ಹೇಳುವುದಿಲ್ಲ. ಒಂದು ವರ್ಷ ಸೌದೆ ಸೀಳಲು ಹೋಗಿ ಕಾಲ್ಬೆರಳಿಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದೆ. ಅವತ್ತು ನಾನೇ ಅಯ್ಯೋ ಅಂದದ್ದನ್ನು ಸಂಜೆ ನಾನೇ ಅಣಕಿಸಿ ನಗಿಸಿದೆ.

ಈ ಸಲ ಅಮಾವಾಸ್ಯೆ ಶನಿವಾರ ಬಿದ್ದಿತ್ತು. ಭಾನುವಾರ ಹೇಗೂ ರಜೆ. ಮೈಸೂರಿನಿಂದ ಬರುವ ಬಸ್ಸು ಬಿಳಿಕೆರೆ ದಾಟುವಷ್ಟರಲ್ಲಿ ಕಂಡಕ್ಟರನ ದನಿ ನನ್ನ ಬಾಯಿಗೆ ಬಂದಿತ್ತು. ಊರಲ್ಲಿ ಇಳಿಯುವಾಗ ಅದನ್ನು ಮೊದಲು ಯಾರಿಗೆ ಮಾಡಿ ತೋರಿಸಲಿ ಎಂಬುದೊಂದೇ ಯೋಚನೆ. ಇದು ದೊಡ್ಡಪ್ಪ ಇಲ್ಲದ ಮೊದಲ ಹಬ್ಬ, ಈ ಸಲದ ಎಡೆ ಅವರಿಗೇ, ಅನ್ನುವುದು ತಲೆಗೆ ಸರಿಯಾಗಿ ಇಳಿದಿರಲಿಲ್ಲ.

ಎಡೆ ಅಂದರೆ ತೀರಿಕೊಂಡವರಿಗೆ ಬಡಿಸುವ ಊಟ. ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಬಾಳೆ ಎಲೆಗೆ ಬಡಿಸುತ್ತೇವೆ. ಪಕ್ಕದಲ್ಲಿ ಹೊಸ ಪಂಚೆ, ಬೀಡಿ ಕಟ್ಟು, ಒಂದು ಕ್ವಾರ್ಟರು. ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದುಬಿಡಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಒಳಗೆ ಯಾರೂ ಇಣುಕುವಂತಿಲ್ಲ. ಆಮೇಲೆ ನಮ್ಮ ಊಟ.

ನನಗೆ ದೊಡ್ಡ ಹೆಸರು ತಂದದ್ದು ದೊಡ್ಡಪ್ಪನ ಅಣಕ. ಹಿತ್ತಿಲ ಆಚೆಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಅದರ ಒಲೆಯಲ್ಲಿ ಉರಿ ಕಡಿಮೆಯಾದರೆ ದೊಡ್ಡಪ್ಪ ಅಲ್ಲಿಂದಲೇ ಮನೆಯವರನ್ನೆಲ್ಲ ಕೂಗುತ್ತಿದ್ದರು. ದಪ್ಪ ದನಿಯಲ್ಲಿ ಶುರುವಾದ ಕೂಗು ನಡುವೆ ಒಡೆದು, ಎಳೆ ಹುಂಜದ ಹಾಗೆ ಕೀಚಲಾಗುತ್ತಿತ್ತು. ಆ ಒಡೆಯುವ ಜಾಗವೇ ನನ್ನ ಬಂಡವಾಳ. ಮದುವೆಯಿರಲಿ, ನಾಮಕರಣವಿರಲಿ, ಅದನ್ನು ಮಾಡಿಸದೆ ನನ್ನನ್ನು ಯಾರೂ ಬಿಟ್ಟವರಲ್ಲ. ದೊಡ್ಡಪ್ಪನೂ ನಗುತ್ತಿದ್ದರು.

ನಾನು ಹೋದಾಗ ದೊಡ್ಡವ್ವ ಹಿತ್ತಿಲಲ್ಲಿ ಒಲೆ ಹೂಡಿ ವಡೆ ಕರಿಯುತ್ತಿದ್ದಳು. ಕಂಡಕ್ಟರನನ್ನು ಮಾಡಿ ತೋರಿಸಿದೆ. ಸ್ವಲ್ಪ ನಕ್ಕಳು. ಆಮೇಲೆ ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ನಿಮ್ಮ ದೊಡ್ಡಪ್ಪನದು ಒಂದು ಸಲ ಮಾಡು ಅಂದಳು. ನಾನು ಎದೆಗೆ ಉಸಿರು ತುಂಬಿಕೊಂಡೆ.

"ಅದಲ್ಲ ಕಣಪ್ಪ" ಎಂದು ಜಾಲರಿ ಸೌಟು ಅಡ್ಡ ಹಿಡಿದಳು. "ಬ್ಯಾರನ್ ತಾವ್ಲಿಂದ ಬಂದು ಬಾಗ್ಲಲ್ಲಿ ಕೂತ್ಕಂಡು ಟೀ ಕುಡೀತಾ ಮೆಲ್ಲುಕೆ ಮಾತಾಡ್ತಿದ್ರಲ್ಲ, ಅಂಗೆ. ಎರಡು ಮಾತು ಸಾಕು. ನಂಗೆ ಮರ್ತೋಯ್ತಾ ಅದೆ."

ದೊಡ್ಡಪ್ಪನ ಫೋಟೋ ಇದೆ, ದೊಡ್ಡದು ಮಾಡಿಸಿ ಹಾರ ಹಾಕಿದ್ದಾರೆ. ದನಿ ಎಲ್ಲೂ ಇಲ್ಲ. ಅವರ ಹತ್ತಿರ ಇದ್ದದ್ದು ಬಟನ್ ಫೋನು. ಮಗನ ಮದುವೆಯ ವಿಡಿಯೋದಲ್ಲಿ ಬಾಯಿ ಆಡಿಸುತ್ತಾರೆ, ಮೇಲೆ ಹಾಡು ಕೂಡಿಸಿಬಿಟ್ಟಿದ್ದಾರೆ. ಹಾಗಾಗಿ ದೊಡ್ಡವ್ವನಿಗೆ ಉಳಿದಿದ್ದ ದಾರಿ ನಾನೊಬ್ಬನೇ.

ಬಾಯಿ ತೆರೆದೆ. ಏನೂ ಬರಲಿಲ್ಲ. ಅದೇ ಬಾಗಿಲಲ್ಲಿ ಅವರ ಪಕ್ಕ ಕೂತು ಅದೆಷ್ಟು ಸಲ ಟೀ ಕುಡಿದಿದ್ದೇನೋ. ಅವರು ಮಾತಾಡುತ್ತಲೇ ಇದ್ದರು. ನನ್ನ ಕಿವಿ ಮಾತ್ರ ಅವರು ಯಾವಾಗ ಕೂಗುತ್ತಾರೆ, ದನಿ ಯಾವಾಗ ಒಡೆಯುತ್ತದೆ ಎಂದು ಕಾಯುತ್ತಿತ್ತು. ಆದರೂ ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲವಲ್ಲ. ಗಂಟಲು ತಗ್ಗಿಸಿ, "ಏನಮ್ಮೀ, ಉಂಡ್ಯಾ?" ಅಂದೆ. ಟಿವಿ ಧಾರಾವಾಹಿಯ ಒಳ್ಳೆಯ ಯಜಮಾನನೊಬ್ಬ ಹೊರಗೆ ಬಂದ. ಅವನಿಗೂ ನಮ್ಮ ಮನೆಗೂ ಸಂಬಂಧವಿರಲಿಲ್ಲ.

ದೊಡ್ಡವ್ವ ವಡೆಗಳನ್ನು ಒಂದೊಂದಾಗಿ ಮಗುಚಿದಳು. "ಊಂ. ಅಂಗೇ ಇತ್ತು" ಅಂದಳು, ನನ್ನ ಕಡೆ ನೋಡದೆ. ನನ್ನ ಮನಸ್ಸು ನೋಯಬಾರದೆಂದು ಹೇಳಿದ ಮಾತು ಅದು. ತಟ್ಟೆಯಲ್ಲಿದ್ದ ಬಿಸಿ ವಡೆಯೊಂದನ್ನು ನನ್ನ ಕೈಗಿಟ್ಟಳು. ಸರಿಯಾಗಿ ಪಾಠ ಒಪ್ಪಿಸದ ಮಗುವಿಗೂ ಮಿಠಾಯಿ ಕೊಡುತ್ತಾರಲ್ಲ, ಹಾಗೆ. ತಿನ್ನಲಾಗದೆ ಹಿಡಿದುಕೊಂಡೇ ನಿಂತೆ.

ಮಧ್ಯಾಹ್ನ ಎಡೆ ಇಟ್ಟು ಬಾಗಿಲು ಮುಚ್ಚಿದರು. ಎಲ್ಲರೂ ಜಗಲಿಯಲ್ಲಿ ಕೂತೆವು. ಸಾರಿನ ವಾಸನೆಗೆ ಹೊಟ್ಟೆಗಳು ಮಾತಾಡುತ್ತಿದ್ದವು. ಬರಿದೇ ಕಾಯಲಾಗದೆ ಚಿಕ್ಕಪ್ಪ, ನಿಮ್ಮ ದೊಡ್ಡಪ್ಪನದು ಮಾಡೋ ಅಂದರು. ನಾನು ಬೇಡ ಅಂದೆ. ಹುಟ್ಟಿದಾಗಿನಿಂದ ಈ ವಿಷಯದಲ್ಲಿ ಬೇಡ ಅಂದವನಲ್ಲ ನಾನು, ಆದ್ದರಿಂದ ಬಿಗುಮಾನ ಮಾಡುತ್ತಿದ್ದೇನೆಂದೇ ಎಲ್ಲರೂ ತಿಳಿದರು. ಬಡಾಯಿ ನೋಡು ಇವನದು ಎಂದು ಚಿಕ್ಕಮ್ಮ ಛೇಡಿಸಿದರು. ದೊಡ್ಡಪ್ಪನ ಮಗ ಕೋಣೆಯ ಬಾಗಿಲ ಕಡೆ ಕತ್ತು ಆಡಿಸಿ, "ಮಾಡ್ಲಾ, ಅಪ್ಪಂಗೂ ಕೇಳ್ಲಿ" ಅಂದ.

ನಾನು ದೊಡ್ಡವ್ವನನ್ನು ನೋಡಿದೆ. ಅವಳು ಬೇಡ ಅಂದರೆ ಬಚಾವಾಗುತ್ತೇನೆ ಎಂಬ ಆಸೆ.

"ನಿಂಗೆ ಬರೋದ್ನೇ ಮಾಡು ಮಗ" ಅಂದಳು. "ಅದೂ ಅವ್ರ್ದೇಯ."

ಬೈದಿದ್ದರೆ ವಾಸಿಯಿತ್ತು. ಎದ್ದು ನಿಂತೆ. ಕೈ ಸೊಂಟಕ್ಕೆ ಹೋಯಿತು, ಕತ್ತು ತಾನಾಗಿಯೇ ಒಂದು ಕಡೆ ವಾಲಿತು. "ಉರಿ ಇಳೀತು ಕಣ್ರಲಾ! ಎಲ್ಲೋಗ್ ಸತ್ರಿ ಎಲ್ಲಾ?" ಒಡೆಯಬೇಕಾದ ಕಡೆ ಸರಿಯಾಗಿ ಒಡೆಯಿತು. ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಜಗಲಿಯೆಲ್ಲ ನಗು. ಚಿಕ್ಕಪ್ಪ ತೊಡೆ ತಟ್ಟಿಕೊಂಡರು, ನನ್ನಪ್ಪ ಕಣ್ಣೊರೆಸಿಕೊಂಡರು.

ಆ ನಗುವಿನ ನಡುವೆ ದೊಡ್ಡವ್ವ ಮಂಡಿಯ ಮೇಲೆ ಕೈಯೂರಿ ಎದ್ದಳು. ಸೆರಗು ತಲೆಯ ಮೇಲೆಳೆದುಕೊಂಡಳು. "ಬಂದೆ, ತಡೀರಿ" ಅಂದಳು. ಎಡೆಯ ಕೋಣೆಯ ಕಡೆಗಲ್ಲ, ಹಿತ್ತಿಲ ಕಡೆಗೆ, ಬ್ಯಾರನ್ ಇರುವ ದಿಕ್ಕಿಗೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು.

ನಗು ಒಬ್ಬೊಬ್ಬರ ಬಾಯಲ್ಲೇ ಆರಿತು. ಚಿಕ್ಕಪ್ಪ ಮಾತ್ರ ಅದನ್ನು ಗಮನಿಸದೆ ನನ್ನ ಬೆನ್ನು ತಟ್ಟಿ, ಥೇಟ್ ಅವನೇ ಕಣ್ಲಾ, ಅವನೇ ಬಂದಂಗಾಯ್ತು ಅಂದರು. ಬೆನ್ನ ಮೇಲಿನ ಆ ಕೈಯನ್ನು ಕೊಡವಿಕೊಳ್ಳಬೇಕು ಅನ್ನಿಸಿತು. ಮೂವತ್ತು ನಲವತ್ತು ವರ್ಷ ದೊಡ್ಡಪ್ಪನೊಟ್ಟಿಗೆ ಬಾಳಿದವಳಿಗೆ ನಾನು ಅವರದೆಂದು ಉಳಿಸಿಕೊಟ್ಟದ್ದು ಇಷ್ಟೇ, ಜನ ನಗುವ ಒಂದು ಕೂಗು. ಅದಕ್ಕೂ ಅವಳು ಓಗೊಟ್ಟಿದ್ದಳು.

ದೊಡ್ಡವ್ವ ತಿರುಗಿ ಬಂದು ಅದೇ ಜಾಗದಲ್ಲಿ ಕೂತಳು. ಅಳುತ್ತಿರಲಿಲ್ಲ. ಸೆರಗನ್ನೂ ತಲೆಯಿಂದ ಇಳಿಸಲಿಲ್ಲ. ಇನ್ನೇನು ಬಾಗಿಲು ತೆಗೆಯಬಹುದು ಎಂದು ನನ್ನಪ್ಪ ಮೇಲೆದ್ದರು. ಅವಳು ತಡಿ ಎಂದು ಅವರಿಗೆ ಕೈಸನ್ನೆ ಮಾಡಿ, ನನ್ನ ಮುಖವನ್ನೇ ನೋಡಿದಳು.

"ಇನ್ನೊಂದ್ಸಲ" ಅಂದಳು.

ಮಾಡಿದೆ. ಗೋಡೆಯ ಕಡೆಗೆ ಮುಖ ಮಾಡಿಕೊಂಡು.