ಹಿರೀಕರನ್ನು ಹುಡುಕುತ್ತಿದ್ದ ಬಾಡಿಗೆಯವರು

ತರೀಕೆರೆಯ ನಮ್ಮ ಹಿತ್ತಲ ಕೋಣೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದವರು ಸ್ವಿಟ್ಜರ್ಲೆಂಡಿನವರೊಬ್ಬರು. ಅಜ್ಜಂಪುರದ ಕಡೆ ಗಾಳಿಯಂತ್ರ ರಿಪೇರಿ ಮಾಡುತ್ತಿದ್ದರು, ಅಲ್ಲಿನ ಕೆಲಸಗಾರರಿಂದ ಕನ್ನಡ ಕಲಿತಿದ್ದರು. ಐವತ್ತು ದಾಟಿತ್ತು, ಹೆಂಡತಿ ಮಕ್ಕಳಿರಲಿಲ್ಲ. ಊರಿಂದ ಅವರಿಗೆ ಫೋನು ಬಂದದ್ದನ್ನು ನಾನು ಕಂಡಿಲ್ಲ.

ಸಂಜೆಯಾದರೆ ಲ್ಯಾಪ್‌ಟಾಪಿನಲ್ಲಿ ತಮ್ಮೂರ ಚರ್ಚಿನ ಹಳೇ ದಾಖಲೆ ತೆಗೆದು ಹಿರೀಕರನ್ನು ಹುಡುಕುತ್ತಿದ್ದರು. ಹೆಸರೊಂದು ಕಂಡರೆ ಕನ್ನಡಕ ಹಣೆಗೇರಿಸಿಕೊಂಡು ಅಡುಗೆಮನೆ ಬಾಗಿಲಿಗೆ ಬರುವರು. "ಒಬ್ಬ ಸಿಕ್ಕಿದ, ಅಜ್ಜಿ."

"ಸಿಗ್ಲಿ ಬಿಡಿ" ಎಂದು ನಾನು ರೊಟ್ಟಿ ತಟ್ಟುತ್ತಿದ್ದೆ.

ಮಹಾಲಯ ಅಮಾವಾಸ್ಯೆಗೆ ನಾವು ಸತ್ತವರಿಗೆ ಅವರವರು ಇಷ್ಟಪಟ್ಟಿದ್ದನ್ನೇ ಎಡೆ ಇಡುತ್ತೇವೆ. ನಮ್ಮ ಯಜಮಾನರಿಗೆ ಕೋಳಿ ಸಾರು, ಒಂದು ಕಟ್ಟು ಬೀಡಿ. ಆ ದಿನ ಇವರು ಬಂದು, ನಾನೂರು ವರ್ಷದ ಹಿಂದಿನ ಮೂಲಪುರುಷ ಸಿಕ್ಕಿದ್ದಾನೆ, ಅವನಿಗೂ ಒಂದು ಎಲೆ ಹಾಕುತ್ತೀರಾ ಎಂದು ಕೇಳಿದರು.

"ಹಾಕ್ತೀನಿ. ಏನ್ ತಿಂತಿದ್ದ?"

ಅವನು ಹುಟ್ಟಿದ ದಿನ, ಮದುವೆ, ಹೊಲದ ಅಳತೆ ಎಲ್ಲ ಹೇಳಿದರು. ಊಟ ಗೊತ್ತಿರಲಿಲ್ಲ.

"ಹೋಗ್ಲಿ, ನಿಮ್ಮಪ್ಪಂಗೆ ಏನಿಷ್ಟ?"

ಅದೂ ಗೊತ್ತಿರಲಿಲ್ಲ. ಇದ್ದ ಅನ್ನ ಸಾರನ್ನೇ ಬಡಿಸಿದೆ. ಅವರು ಎಲೆ ನೋಡುತ್ತಾ ನಿಂತು, "ನನಗೆ ಇಡೋರು ಯಾರೂ ಇಲ್ಲ, ಅಜ್ಜಿ" ಎಂದರು.

"ಏನ್ ಬೇಕು ಅಂತ ಈಗ್ಲೇ ಹೇಳ್ಬಿಡಿ. ನಾನಿದ್ರೆ ಇಡ್ತೀನಿ, ಇಲ್ದಿದ್ರೆ ಸೊಸೆ ಇಡ್ತಾಳೆ."

ಅವರು ಕನ್ನಡಕ ಹಣೆಗೇರಿಸಿಕೊಂಡು, "ಬೇಯಿಸಿದ ಆಲೂಗಡ್ಡೆ" ಎಂದರು.

"ಅಷ್ಟೇನಾ? ಹಬ್ಬದ ದಿನ ನಮ್ಮ ಮನೆ ಮರ್ಯಾದೆ ತೆಗೀತೀರಲ್ರೀ."

ಅವರು ನಗಲಿಲ್ಲ. ಕೋಣೆಗೆ ಹೋದವರು ತಿರುಗಿ ಬಂದು ಬಾಗಿಲಲ್ಲಿ ನಿಂತರು.

"ಮೇಲೆ ಬೆಣ್ಣೆ, ಅಜ್ಜಿ. ತುಪ್ಪ ಬೇಡ."