ಮಹಾದೇವಕ್ಕ ಒಲ್ಲೆ ಅಂದ ಹೆಸರು

ನಮ್ಮವ್ವ ಮಹಾದೇವಕ್ಕ ಗುಳೇದಗುಡ್ಡದಾಗ ಮೂವತ್ತು ವರ್ಷ ಖಣದ ಅಂಗಡಿ ನಡೆಸಿದಾಕಿ. ಗಿರಾಕಿ ಭಾಳ ಚೌಕಾಸಿ ಮಾಡಿದ್ರ ಕೈಯಾಗಿನ ಖಣ ಕಸ್ಕೊಂಡು, "ಹೋಗವಾ, ನಿನ್ನ ಗಂಡನ ಧೋತ್ರ ಹರಿದು ಕುಪ್ಪಸ ಹೊಲಿಸ್ಕೋ" ಅನ್ನಾಕಿ. ಅಂಥಾ ಬಾಯಿ ಮೂರು ವರ್ಷ ಒಬ್ಬನ ಮ್ಯಾಲೇ ಹರದೈತಿ, ನನ್ನ ತಮ್ಮ ಕಲ್ಮೇಶನ ಮ್ಯಾಲೆ. 2021ರ ಜನವರಿಯಾಗ ಅಪ್ಪ ತೀರಿಕೊಂಡಾಗ ಇದ್ದೊಬ್ಬ ಮಗ ಮಣ್ಣಿಗೆ ಬರ್ಲಿಲ್ಲ. ವಿಡಿಯೋ ಕಾಲ್‌ನಾಗ ಸೈತ ಮುಖ ತೋರಿಸ್ಲಿಲ್ಲ.

ಪರದೇಶದಾಗ ನಾನಿರೋ ಊರು ಸೆಂಟರ್‌ವಿಲ್‌ನಿಂದ ನಾನು ಹೋಗಿದ್ದೆ. "ಅವಂಗ ವೀಸಾ ತೊಂದರಿ ಐತವ್ವ, ಬಂದ್ರ ವಾಪಸ್ ಹೋಗಾಕ ಆಗಂಗಿಲ್ಲ" ಅಂದಾಕಿ ನಾನೇ. ಶುದ್ಧ ಸುಳ್ಳು. ಅವತ್ತು ಕಲ್ಮೇಶ ಕರೋನಾ ಆಗಿ ಇಲ್ಲಿ ವೆಂಟಿಲೇಟರ್ ಮ್ಯಾಲಿದ್ದ. ಜಡ್ಡು-ಜಾಪತ್ರಿ ಊರಿಗೆ ಹೇಳಬಾರದು ಅನ್ನೋದು ಇಲ್ಲಿ ನಮ್ಮ ಜನರ ಕಾಯ್ದೆ. ಬೈಪಾಸ್ ಆಗಿ ಮಲಗಿದಾಂವನೂ "ಸ್ವಲ್ಪ ಗ್ಯಾಸ್ ಆಗೇತಿ" ಅಂತಾನ. ಗಂಡನ್ನ ಕಳಕೊಂಡು ಕುಂತಾಕಿಗೆ ಮಗನೂ ಉಳಿಯೋದು ಖಾತ್ರಿ ಇಲ್ಲ ಅಂತ ಯಾವ ಬಾಯಿಲೆ ಹೇಳ್ಲಿ? ಎದ್ದ ಮ್ಯಾಲೆ ಹೇಳಿದ್ರಾತು ಅಂದ್ಕೊಂಡೆ. ಅಂವ ಎದ್ದ, ನನಗ ಬಾಯಿ ಬರ್ಲಿಲ್ಲ. ಅವನಿಗೂ ಸುಮ್ನಿರು ಅಂದೆ. ಅವ್ವ ಮಾತ್ರ, "ವೀಸಾ ದೊಡ್ಡದಾತು, ಹಡದಪ್ಪ ಸಣ್ಣಾಂವ ಆದ" ಅಂತ ಊರೆಲ್ಲಾ ಸಾರಿ, ಅವನ ಫೋನ್ ಎತ್ತೋದ ಬಿಟ್ಲು.

ಅಪ್ಪ ಹೋದ ಮೂರು ವರ್ಷಕ್ಕ ಕಲ್ಮೇಶಗ ಗಂಡು ಹುಟ್ಟಿತು. ಆಗ ಬಂದ್ಳು ನೋಡ್ರಿ, ಕೆರೊಲಿನಾದಾಗಿನ ಅವನ ಊರು ಫೋರ್ಟ್ ಮಿಲ್‌ಗೆ. ಏರ್‌ಪೋರ್ಟ್‌ನಾಗ ಮಗ ಕಾಲಿಗೆ ಬಗ್ಗಿದ್ರ ಕಾಲು ಹಿಂದಕ್ಕ ಸರಿಸಿದ್ಳು. ಒಂದು ತಿಂಗಳು ಅವನ ಕೂಡ ನೇರ ಮಾತಿಲ್ಲ. ಫ್ರಿಜ್ಜಿನ ಕಡೆ ಮುಖ ಮಾಡಿ, "ಯಾರಿಗೋ ಚಹಾ ಬೇಕಿದ್ರ ಮಾಡಿಟ್ಟೀನಿ" ಅನ್ನಾಕಿ. ಆಕಿಗೆ ಬೇಕಾಗಿದ್ದು ಒಂದ. ತೊಟ್ಟಿಲದಾಗ ಕೂಸಿಗೆ ಅಜ್ಜನ ಹೆಸರು ಇಡಬೇಕು, ರಾಮಲಿಂಗಪ್ಪ. ಸತ್ತ ಗಂಡ ಹೆಸರಿನ ಮಟ್ಟಿಗಾದ್ರೂ ಮನಿಗೆ ಬರಬೇಕು ಅಂತ.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಕಲ್ಮೇಶ ಬಾಂಬ್ ಹಾಕಿದ. "ರೆನೆ ಅಂತ ಇಡ್ತೀವಿ."

"ಏನಂದಿ? ಸಾಬೂನಿನ ಹೆಸರಾ?" ಅಂದ್ಳು ಅವ್ವ, ಫ್ರಿಜ್ಜಿಗೆ.

"ಫ್ರೆಂಚ್ ಹೆಸರವ್ವ. ಮತ್ತ ಹುಟ್ಟಿ ಬಂದಾಂವ ಅಂತ ಅರ್ಥ. ಮೂಲ ಲ್ಯಾಟಿನ್ ಭಾಷಾದ್ದು. ಹಿಂದಕ್ಕ ಕಿರಿಸ್ತಾನರು ದೀಕ್ಷಾ ಕೊಡುವಾಗ ಇಡ್ತಿದ್ರಂತ. ಫ್ರಾನ್ಸಿನಾಗ ಈಗ ಅದು ಅಜ್ಜಂದಿರ ಹೆಸರು, ನಮ್ಮ ಕಡೆ ರಾಮಲಿಂಗಪ್ಪ ಇದ್ದಂಗ." ಆಮ್ಯಾಲೆ ಒಂದು ಕಥಿ ಹೇಳಿದ. ಆಂಜೆ ಅನ್ನೋ ಊರಾಗ ಒಬ್ಬ ಪಾದ್ರಿ ಇದ್ದ. ಸಾಯಾಕ ಬಿದ್ದ ಕೂಸಿನ ಹತ್ರ ಹೋಗೂದು ತಡಾ ಮಾಡಿದ, ಕೂಸು ಸತ್ತಿತು. ಮುಖ ತೋರಿಸಲಾರದ ಊರು ಬಿಟ್ಟು ಸಮುದ್ರ ದಾಟಿ ಹೋಗಿ ತೋಟದ ಮಾಲಿ ಆದ. ಏಳು ವರ್ಷದ ಮ್ಯಾಲೆ ಜನ ಕರಕೊಂಡು ಬಂದ್ರು. ಗೋರಿ ಮುಂದ ಕುಂತು ಅತ್ತ. ಕೂಸು ಎದ್ದು ಬಂತು, ಅದಕ್ಕ ಈ ಹೆಸರಿಟ್ರು ಅಂತ.

ಅವ್ವ ಕಥಿ ಪೂರಾ ಕೇಳಿದ್ಳು. ಆಮ್ಯಾಲೆ, "ಆ ಪಾದ್ರಿ ಏಳು ವರ್ಷಕ್ಕಾದ್ರೂ ಗೋರಿ ಮುಂದ ಬಂದು ಅತ್ತ. ಈ ಮನಿಯಾಗ ಒಬ್ಬಾಂವ ಅದಾನ, ಅಷ್ಟೂ ಮಾನ ಇಲ್ಲ" ಅಂದ್ಳು.

ಕಲ್ಮೇಶನ ಹೆಂಡ್ತಿ ಆರತಿ ಮೈಸೂರಿನಾಕಿ, ಮಾತು ಮೆತ್ತಗ. ಅವತ್ತು ಆಕಿಗೂ ತಡೀಲಿಲ್ಲ. "ಅತ್ತೆ, ಸಾಕು ನಿಲ್ಲಿಸಿ! ಏನಾಯ್ತು ಅಂತ ನಿಮಗೆ ಗೊತ್ತೇ ಇಲ್ಲ!" ಕಲ್ಮೇಶ ಆಕಿ ಕೈ ಹಿಡದು ಒಳಗ ಕರಕೊಂಡು ಹೋದ. ಹೋಗುವಾಗ ನನ್ನ ಕಡೆ ನೋಡಿದ. ನಾನು ಸಿಂಕಿನಾಗಿನ ಪಾತ್ರಿ ತೊಳದೆ. ನನ್ನಂಥ ಹೇಡಿ ಈ ಕೆರೊಲಿನಾದಾಗ ಇನ್ನೊಬ್ಬಾಕಿ ಇರ್ಲಿಕ್ಕಿಲ್ಲ.

ಮರುದಿನ ಮಧ್ಯಾಹ್ನ ಹತ್ತು ಹೆಣ್ಮಕ್ಕಳು ಕೂಡಿದ್ರು. ನಮ್ಮಲ್ಲಿ ಕೂಸಿನ ಕಿವ್ಯಾಗ ಮೊದಲು ಹೆಸರು ಹೇಳಾಕಿ ಸೋದರತ್ತೆ, ಅಂದ್ರ ನಾನು. ತೊಟ್ಟಿಲಕ್ಕ ಬಗ್ಗಿ "ಕುರ್ರ್" ಅಂತ ಹೆಸರು ಹೇಳಬೇಕು, ಉಳಿದೋರು ನಗ್ತಾ ಆಕಿ ಬೆನ್ನಿಗೆ ಗುದ್ದಬೇಕು. ಅವ್ವ ನನ್ನ ರಟ್ಟಿ ಚಿವುಟಿ, "ನಿಮ್ಮಪ್ಪನ ಹೆಸರು ಬಿಟ್ಟು ಬ್ಯಾರೇದು ಹೇಳಿದ್ರ ನೀನೂ ನನ್ನ ಪಾಲಿಗೆ ಸತ್ತಿ" ಅಂದ್ಳು.

ನಾನು ಬಗ್ಗಿದೆ. "ಕುರ್ರ್" ಅಂದೆ. ಅಷ್ಟಕ್ಕ ನಿಂತಿತು. ಮ್ಯಾಲೆ ಎದ್ದು ಎಲ್ಲಾರ ಮುಂದ ಹೇಳಿಬಿಟ್ಟೆ. "ಅವ್ವಾ, ರೆನೆ ಅನ್ನಾಂವ ಒಬ್ಬ ನರ್ಸ್. ಹೈಟಿ ದೇಶದಾಂವ. ಅಪ್ಪನ್ನ ಮಣ್ಣು ಮಾಡೋ ದಿನ ಕಲ್ಮೇಶ ಐಸಿಯುನಾಗ ಪ್ರಜ್ಞಾ ಇಲ್ಲದ ಬಿದ್ದಿದ್ದ. ಇಪ್ಪತ್ತೊಂದು ದಿನ. ಆರತಿನ್ನೂ ಒಳಗ ಬಿಡ್ಲಿಲ್ಲ. ಆ ರೆನೆ ದಿನಾ ಅವನ ಕಿವಿಗೆ ಫೋನ್ ಹಿಡದು ನಮ್ಮ ಧ್ವನಿ ಕೇಳಿಸ್ತಿದ್ದ. ವೀಸಾನೂ ಇಲ್ಲ, ಮಣ್ಣೂ ಇಲ್ಲ. ಸುಳ್ಳು ಹೇಳಿದಾಕಿ ನಾನು."

ಅವ್ವ ಮಗನ ಕಡೆ ತಿರುಗಿದ್ಳು. "ಹೌದೇನೋ ಕಲ್ಮೇಶಾ?"

ಅಂವ ಅಂಗಿ ಗುಂಡಿ ಬಿಚ್ಚಿ ಉಸಿರಿನ ನಳಿಗಿ ಹಾಕಿದ್ದ ಗಂಟಲಿನ ತೂತಿನ ಕಲೆ ತೋರಿಸಿದ. ಅವ್ವ ಅದರ ಮ್ಯಾಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದ್ಳು, ಅಂಗಡಿಯಾಗ ಬಟ್ಟಿ ನೋಡಿದಂಗ. ಆಮ್ಯಾಲೆ ನನಗ, "ಬಗ್ಗು. ಆ ನರ್ಸ್‌ನ ಹೆಸರೇ ಹೇಳು" ಅಂದ್ಳು.

ನಾನು ಬಗ್ಗಿ ಕೂಸಿನ ಕಿವ್ಯಾಗ "ರೆನೆ" ಅಂದೆ. ಬೆನ್ನಿಗೆ ಗುದ್ದು ಬಿತ್ತು. ಶಾಸ್ತ್ರದ್ದಲ್ಲ, ಎಲುಬಿಗೆ ಹತ್ತುವಂಥಾದ್ದು.

"ಇದು ಸುಳ್ಳು ಹೇಳಿದ್ದಕ್ಕ."

ಇನ್ನೊಂದು ಬಿತ್ತು. "ಇದು, ಸಾಯಾಕ ಬಿದ್ದ ನನ್ನ ಮಗನಿಗೆ ನನ್ನ ಬಾಯಿಲೆ ಮೂರು ವರ್ಷ ಶಾಪ ಹಾಕಿಸಿದ್ದಕ್ಕ."

ಆಮ್ಯಾಲಿನ ಗುದ್ದುಗಳಿಗೆ ಮಾತಿರ್ಲಿಲ್ಲ. ಆಕಿ ಅಳ್ತಿದ್ಳು, ಹೊಡೀತಿದ್ಳು. ಯಾರೋ ಬಿಡಿಸಾಕ ಬಂದ್ರು. ನಾನು ಬ್ಯಾಡ ಅಂತ ಕೈ ಮಾಡಿ, ಬಗ್ಗಿಕೊಂಡ ನಿಂತೆ.